ಇಟಲಿಯ ಕಾರು, ಅಮೆರಿಕದ ಎಂಜಿನ್, ನಾನು ಏರಿಸಿದ ಮಲ್ಲಿಗೆ

ಆ ಭಾನುವಾರ ಬೆಳಗ್ಗೆ ಎಂಟು ಗಂಟೆ ಹನ್ನೆರಡು ನಿಮಿಷಕ್ಕೆ ನಾನು ದಹಿಸರ್‌ನ ನಮ್ಮ ಬಿಲ್ಡಿಂಗಿನ ಗೇಟಿನ ಒಳಗಡೆ, ಕಾರಿನ ಮೂತಿಯಿಂದ ಎರಡು ಮಾರು ದೂರದಲ್ಲಿ, ಕೈಯಲ್ಲಿ ತೆಂಗಿನಕಾಯಿ ಹಿಡಿದು ನಿಂತಿದ್ದೆ. ಮೂವತ್ತು ವರ್ಷ ವಿಮೆಗಾಗಿ ಅಪಘಾತದ ವರದಿ ಬರೆದವನು ನಾನು. ಜಾಗ, ಸಮಯ ತಪ್ಪಾಗಿ ಹೇಳುವುದಿಲ್ಲ. ಬೇರೆಯವರ ಅಪಘಾತದಲ್ಲಿ ತಪ್ಪು ಯಾರದೆಂದು ಐದು ನಿಮಿಷದಲ್ಲಿ ಹೇಳುತ್ತಿದ್ದೆ. ಇದರಲ್ಲಿ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು.

ಮದುವೆ ನನ್ನ ತಂಗಿಯ ಮಗ ಪ್ರಜ್ವಲನದು. ಮಲಾಡಿನ ಹಾಲ್‌ನಲ್ಲಿ ಒಂಬತ್ತು ನಲವತ್ತಕ್ಕೆ ಮುಹೂರ್ತ. ವರನ ಕೈ ಹಿಡಿದು ಮಂಟಪಕ್ಕೆ ಕರೆದೊಯ್ಯುವುದು ನಮ್ಮಲ್ಲಿ ಸೋದರಮಾವನ ಹಕ್ಕು. ಇಡೀ ಮದುವೆಯಲ್ಲಿ ನನಗಿದ್ದುದು ಅದೊಂದೇ ಕೆಲಸ. ಆದರೆ ವರ ದಿಬ್ಬಣದ ಬಸ್ಸಿನಲ್ಲಿ ಬಂದಿಳಿದರೆ ಮಾವನ ಗತ್ತು ಎಲ್ಲಿ ಉಳಿಯಿತು? ನಾನು ಸದಾಶಿವಣ್ಣನ ಕಾರು ಕೇಳಿದೆ.

ಮಲಾಡಿನಲ್ಲಿ ಹೋಟೆಲು ನಡೆಸುವ ಸದಾಶಿವಣ್ಣನ ಬಳಿ ಐವತ್ತು ವರ್ಷ ಹಳೆಯ, ಇಟಲಿಯ ಕೆಂಪು ಸ್ಪೋರ್ಟ್ಸ್ ಕಾರಿದೆ. ಎರಡೇ ಸೀಟು, ಮೇಲೆ ಟಾಪಿಲ್ಲ, ಒಳಗೆ ಇಳಿಯಬೇಕಾದರೆ ಬಾವಿಗೆ ಇಳಿದಂತೆ ಇಳಿಯಬೇಕು. ಅದರ ಹುಟ್ಟು ಎಂಜಿನ್ ಯಾವತ್ತೋ ಸತ್ತಿತು, ಬಿಡಿಭಾಗ ಸಿಗಲಿಲ್ಲ. ಘಾಟ್ಕೋಪರಿನ ಗ್ಯಾರೇಜಿನವನೊಬ್ಬ ಅದರೊಳಗೆ ಎಂಟು ಸಿಲಿಂಡರಿನ ಅಮೆರಿಕನ್ ಎಂಜಿನ್ ತುರುಕಿದ. ಎಂಜಿನ್ ಎತ್ತರ, ಬಾನೆಟ್ ತಗ್ಗು. ಆ ಮಹಾಶಯ ಬಾನೆಟ್ಟಿಗೇ ತೂತು ಕೊರೆದ. ತೂತಿನಿಂದ ಎಂಜಿನ್ನಿನ ನೆತ್ತಿ ಹೊರಗೆ ಬಂತು. ಅದರ ಮೇಲೆ ಇಡ್ಲಿ ಪಾತ್ರೆಗಿರುವಂಥ ದುಂಡನೆಯ ತಗಡಿನ ಮುಚ್ಚಳ. ಇಟಲಿಯವರು ಕಂಡರೆ ಅಳುತ್ತಿದ್ದರು. ಅಮೆರಿಕದವರು ಕಂಡರೆ ಎಂಜಿನ್ ವಾಪಸು ಕೇಳುತ್ತಿದ್ದರು. ಸದಾಶಿವಣ್ಣ ಮಾತ್ರ ಅದನ್ನು ಕಂಡಾಗಲೆಲ್ಲ ಸವರುತ್ತಾರೆ.

ನನ್ನ ಹೆಂಡತಿ ಸುಮತಿ ಕಾರಿಗೆ ಒಂದು ಸುತ್ತು ಬಂದಳು. “ಮುಖ ಇಟಲಿದು, ಹೊಟ್ಟೆ ಅಮೆರಿಕದ್ದು, ರಸ್ತೆ ದಹಿಸರ್‌ದು. ಇದು ಯಾರ ಮಾತು ಕೇಳ್ತದೆ ಅಂತ ನೀವು ತಿಳ್ಕೊಂಡದ್ದು?” ಎಂದಳು. ಹೆಂಗಸರಿಗೆ ಯಂತ್ರದ ವಿಷಯ ತಿಳಿಯದು ಎಂದು ನಾನು ವಿವರಿಸಿದೆ.

ದಿಬ್ಬಣವನ್ನು ಏಳೂವರೆಗೇ ಬಸ್ಸಿನಲ್ಲಿ ಕಳಿಸಿದೆ. ನಾನೂ ಸುಮತಿಯೂ ಕಾರಿನ ಹಿಂದೆ ರಿಕ್ಷಾದಲ್ಲಿ ಹೋಗುವುದೆಂದಿತ್ತು. ಬ್ಯಾಂಡಿನವರಿಗೆ ಫೋನಿನಲ್ಲಿ ಕಟ್ಟಪ್ಪಣೆ ಮಾಡಿದೆ: ಹಾಲ್‌ನ ಗೇಟು ಬಿಟ್ಟು ಕದಲಕೂಡದು, ಕೆಂಪು ಕಾರು ಬಂದಾಗಲೇ ಬಾರಿಸಬೇಕು, ಯಾರು ಕರೆದರೂ ಒಳಗೆ ಹೋಗಕೂಡದು.

ಉಳಿದದ್ದು ಅಲಂಕಾರ. ಉಡುಪಿಯಿಂದ ತರಿಸಿದ ಮಲ್ಲಿಗೆಯ ದಂಡೆಗಳಿದ್ದವು. ಆದರೆ ಮದುವೆಯ ಕಾರಿನ ನೆತ್ತಿಯಲ್ಲಿ ಪಾತ್ರೆಯ ಮುಚ್ಚಳವೇ? ಸದಾಶಿವಣ್ಣ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದರು. ನಡುವೆ ಇದ್ದುದು ಒಂದೇ ತಿರುಪು, ಬೆರಳಲ್ಲೇ ಬಿಚ್ಚಿತು. ಮುಚ್ಚಳವನ್ನು ವಾಚ್‌ಮನ್ ತಿವಾರಿಯ ಕೈಗೆ ಕೊಟ್ಟೆ. ಕೆಳಗೆ ಬಾಯಿ ತೆರೆದ ಲೋಹದ ಗಂಟಲು ಕಂಡಿತು. ಹೂವಿಗೆಂದೇ ಮಾಡಿಸಿದಂತಿತ್ತು. ಅದರ ಸುತ್ತ ಮಲ್ಲಿಗೆಯನ್ನು ಒತ್ತಾಗಿ ಸುತ್ತಿ, ದೂರ ನಿಂತು ನೋಡಿ, ನನ್ನನ್ನು ನಾನೇ ಮೆಚ್ಚಿಕೊಂಡೆ.

ಪೇಟ ಸುತ್ತಿದ ಪ್ರಜ್ವಲ್ ಕಾರಿಗಿಳಿದ. ಸದಾಶಿವಣ್ಣ ಬಾನೆಟ್ಟಿನ ಕಡೆ ನೋಡದೆ ನೇರವಾಗಿ ಬಂದು ಕೂತು ಚಾವಿ ತಿರುಗಿಸಿದರು. ಎಂಜಿನ್ ಗುಡುಗಿತು. ದಂಡೆಯ ತುದಿ ಅಲುಗಿತು. ನಾನು ನೋಡುತ್ತಿದ್ದಂತೆಯೇ ಮೊದಲು ಒಂದು ಮೊಳ, ಆಮೇಲೆ ಇನ್ನೊಂದು ಮೊಳ, ಎಂಜಿನ್ ಅದನ್ನು ಶ್ಯಾವಿಗೆಯಂತೆ ಒಳಗೆಳೆದುಕೊಂಡಿತು. ಒಮ್ಮೆ ಕೆಮ್ಮಿತು. ಆಮೇಲೆ ಢಂ! ಅರೆಬೆಂದ ಮಲ್ಲಿಗೆ ಎರಡನೇ ಮಹಡಿಯವರೆಗೆ ಹಾರಿ, ನಿಧಾನವಾಗಿ ವರನ ಪೇಟದ ಮೇಲೆ ಉದುರಿತು. ಮುಹೂರ್ತಕ್ಕೆ ಒಂದೂವರೆ ಗಂಟೆ ಮುಂಚೆಯೇ ಅಕ್ಷತೆ ಬಿದ್ದಿತ್ತು. ತೆಂಗಿನಕಾಯಿ ನನ್ನ ಕೈಯಿಂದ ಜಾರಿ ತಾನಾಗಿಯೇ ಒಡೆಯಿತು.

“ಏರ್ ಫಿಲ್ಟರ್ ಎಲ್ಲಿ ಮಾರಾಯ್ರೆ?” ಎಂದರು ಸದಾಶಿವಣ್ಣ.

ತಿವಾರಿ ಮುಚ್ಚಳ ಎತ್ತಿ ತೋರಿಸಿದ. ಆಮೇಲೆ ನನ್ನನ್ನೂ ತೋರಿಸಿದ.

“ಮಾವ, ಟೆನ್ಶನ್ ಮತ್ ಲೋ, ನಾನು ಲೋಕಲ್‌ನಲ್ಲಿ ಹೋಗ್ತೇನೆ,” ಎಂದ ಪ್ರಜ್ವಲ್. ಮಲಾಡಿಗೆ ಮೂರೇ ಸ್ಟೇಶನ್. ಸುಮತಿ ಅವನ ಜೊತೆ ಹೊರಟು ನನ್ನನ್ನೂ ಕರೆದಳು. ಹತ್ತು ನಿಮಿಷದಲ್ಲಿ ಕಾರು ಸರಿಯಾಗುತ್ತದೆ, ನಾನು ಕಾರಿನಲ್ಲೇ ಬಂದು ಮಂಟಪಕ್ಕೆ ಕರೆದೊಯ್ಯುತ್ತೇನೆ ಎಂದೆ. ಮಾವನ ಗತ್ತು ಇನ್ನೂ ಇಳಿದಿರಲಿಲ್ಲ.

ಕಾರು ಸರಿಯಾಗಲಿಲ್ಲ. ಸದಾಶಿವಣ್ಣ ಹೋಟೆಲಿನ ತರಕಾರಿ ಟೆಂಪೊ ತರಿಸಿ, ಹಗ್ಗ ಕಟ್ಟಿಸಿ, ಮುಚ್ಚಳ ಬಿಚ್ಚಿದವನು ಜೊತೆಗೆ ಬರಲೇಬೇಕೆಂದು ನನ್ನನ್ನು ವರನ ಸೀಟಿನಲ್ಲಿ ಕೂರಿಸಿದರು. ಹೀಗೆ ಇಟಲಿಯ ವೇಗವೂ ಅಮೆರಿಕದ ಬಲವೂ ಸೋರೆಕಾಯಿಗಳ ಹಿಂದೆ ಹೈವೇಯಲ್ಲಿ ತೆವಳಿದವು.

ಒಂಬತ್ತು ಮೂವತ್ತೆಂಟಕ್ಕೆ ನಾವು ಹಾಲ್‌ನ ಗೇಟಿಗೆ ಬಂದೆವು. ವರ ನಡೆದೇ ಬಂದು ಒಳಹೊಕ್ಕಿದ್ದನ್ನು ಬ್ಯಾಂಡಿನವರು ಗಮನಿಸಿರಲಿಲ್ಲ. ಗಟ್ಟಿಮೇಳಕ್ಕೆಂದು ಒಳಗಿನಿಂದ ಎರಡು ಸಲ ಕರೆ ಬಂದಿತ್ತಂತೆ. ನನ್ನ ಅಪ್ಪಣೆಯಂತೆ ಅವರು ಕದಲಿರಲಿಲ್ಲ. ಕೆಂಪು ಕಾರು ಕಂಡದ್ದೇ ತಡ, ಹನ್ನೊಂದು ಮಂದಿ ಒಟ್ಟಿಗೆ ಬಾರಿಸತೊಡಗಿದರು. ಸಾಕೆಂದು ನಾನು ಕೈಬೀಸಿದೆ. ನಾನೇ ವರನೆಂದೂ ಖುಷಿಯಾಗಿದ್ದೇನೆಂದೂ ತಿಳಿದು ಇನ್ನೂ ಜೋರು ಮಾಡಿದರು. ಕಾರಿನಿಂದ ಮೇಲೇಳಲು ನನಗೆ ಇಬ್ಬರ ಸಹಾಯ ಬೇಕಾಯಿತು.

ಒಳಗೆ ಓಡಿದಾಗ ಒಂಬತ್ತು ನಲವತ್ತೊಂದು. ಮಂಟಪದ ಬಳಿ ಸುಮತಿ ನಿಂತಿದ್ದಳು. ಪ್ರಜ್ವಲನನ್ನು ಕೈಹಿಡಿದು ಕರೆತಂದವಳು ಅವಳೇ.

“ಒಳಗೆ ಗಟ್ಟಿಮೇಳ ಇಲ್ಲದೇ ತಾಳಿ ಕಟ್ಟಿ ಆಯ್ತು,” ಎಂದಳು. “ನಿಮ್ಮ ಮೆರವಣಿಗೆ ಮುಗೀತಾ?”

ವರದಿಯ ಕೊನೆಗೆ ಸಾಕ್ಷಿಗಳ ಹೆಸರು ಬರೆಯುವುದು ನನ್ನ ಅಭ್ಯಾಸ. ಇದನ್ನು ಕಣ್ಣಾರೆ ಕಂಡವರು ಸುಮತಿ, ಪ್ರಜ್ವಲ್, ಸದಾಶಿವಣ್ಣ, ವಾಚ್‌ಮನ್ ತಿವಾರಿ ಮತ್ತು ಬ್ಯಾಂಡಿನ ಹನ್ನೊಂದು ಮಂದಿ. ಎಲ್ಲರೂ ಬದುಕಿದ್ದಾರೆ. ಯಾರಿಗೂ ಇನ್ನೂ ಮರೆವು ಬಂದಿಲ್ಲ.