ಬಾಳೆದಿಂಡಿಗೆ ಬಗ್ಗದ ಕಲ್ಲು

ಇಪ್ಪತ್ತಾರು ವರ್ಷದವಳಿಗೆ ಹೊಟ್ಟೆನೋವು ಬಂದರೆ ಅದು ಗ್ಯಾಸ್ಟ್ರಿಕ್ಕೇ ಆಗಿರಬೇಕೆಂದು ನಮ್ಮ ತುಮಕೂರಿನಲ್ಲಿ ಎಲ್ಲರೂ ಸೇರಿ ತೀರ್ಮಾನಿಸಿಬಿಟ್ಟಿದ್ದಾರೆ. ಬೇರೆ ಕಾಯಿಲೆ ಬರಿಸಿಕೊಳ್ಳಲು ನನಗಿನ್ನೂ ವಯಸ್ಸಾಗಿಲ್ಲವಂತೆ. ನಾನು ಪಾಠ ಹೇಳುವ ಶಾಲೆಯ ಸ್ಟಾಫ್‌ರೂಮಿನಲ್ಲಿ ಒಬ್ಬರು ಜೀರಿಗೆ ನೀರು ಕುಡಿ ಎಂದರು, ಇನ್ನೊಬ್ಬರು ಮೊಬೈಲ್ ನೋಡುವುದು ಬಿಡು ಎಂದರು. ಉಪ್ಪಾರಹಳ್ಳಿಯ ನಮ್ಮ ಬೀದಿಯ ಮೆಡಿಕಲ್ ಸ್ಟೋರಿನವನಂತೂ ನನ್ನ ಮುಖ ಕಂಡ ಕೂಡಲೇ ಗುಲಾಬಿ ಬಣ್ಣದ ಬಾಟಲಿ ತೆಗೆದಿಡುತ್ತಿದ್ದ. ನೋವು ಬಲಪಕ್ಕೆಯಲ್ಲಿ ಹುಟ್ಟಿ, ಬೆನ್ನಿಗೆ ಹೋಗಿ, ಭುಜದ ಮೇಲೆ ಕೂರುತ್ತಿತ್ತು. ಗ್ಯಾಸು ಇಷ್ಟೊಂದು ತಿರುಗಾಡುತ್ತದೆಯೇ ಎಂದು ಕೇಳಿದರೆ, "ತಿರುಗಾಡುತ್ತೆ ಮೇಡಂ, ಗ್ಯಾಸ್ ಅಲ್ವಾ" ಎಂದ. ಐದು ತಿಂಗಳು ನಂಬಿದೆ. ಅದಕ್ಕೆ ನನಗೆ ನನ್ನ ಮೇಲೇ ಸಿಟ್ಟಿದೆ.

ಕೊನೆಗೊಂದು ದಿನ ತರಗತಿಯಲ್ಲೇ ಮೇಜು ಹಿಡಿದುಕೊಂಡು ಕುಸಿದೆ. ಸ್ಕ್ಯಾನಿಂಗ್ ಮಾಡಿಸಿದರೆ ಪಿತ್ತಕೋಶದ ತುಂಬ ಕಲ್ಲು. ಸರ್ಜನ್ ರಿಪೋರ್ಟ್ ನೋಡಿ, "ಊದ್ಕೊಂಡಿದೆ, ತೆಗೀಲೇಬೇಕು. ತಡ ಮಾಡಿದ್ರೆ ಕಲ್ಲು ನಾಳಕ್ಕೆ ಜಾರಿ ಕಾಮಾಲೆ ಆಗ್ಬಹುದು" ಎಂದರು. ನನ್ನ ವಯಸ್ಸಿಗೆ ಹೇಗೆ ಬಂತು ಎಂದೆ. "ಕಲ್ಲು ಆಧಾರ್ ಕಾರ್ಡ್ ನೋಡಲ್ಲಮ್ಮ" ಎಂದರು.

ಕಲ್ಲು ಎಂಬ ಸುದ್ದಿ ಗುಬ್ಬಿಗೆ ಮುಟ್ಟಿದ್ದೇ ತಡ, ಅಲ್ಲಿಂದ ದೊಡ್ಡಮ್ಮ ಮಾರುದ್ದದ ಬಾಳೆದಿಂಡು ಹಿಡಿದು ಬಸ್ಸಿಳಿದರು. ದಿನವೂ ಅದರ ರಸ ಕುಡಿಯಬೇಕಂತೆ. ಅದು ಕಿಡ್ನಿ ಕಲ್ಲಿಗೆ ದೊಡ್ಡಮ್ಮ, ಪಿತ್ತಕೋಶಕ್ಕೂ ಕಿಡ್ನಿಗೂ ದಾರಿಯೇ ಬೇರೆ ಎಂದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ತೋರಿಸಿದೆ. "ಕಲ್ಲು ಯಾವ್ದಾದ್ರೂ ಕಲ್ಲೇ ಕಣೇ. ನಿಮ್ಮ ದೊಡ್ಡಪ್ಪಂಗೆ ಹದಿನೈದೇ ದಿನಕ್ಕೆ ಉದುರೋಯ್ತು. ಸುಮ್ನೆ ಕುಡಿ" ಎಂದರು. ಹತ್ತು ದಿನ ಕುಡಿದೆ. ಬಚ್ಚಲಿಗೆ ಓಡಾಡಿದ್ದು ನಾನು, ಕಲ್ಲು ಕೂತಲ್ಲೇ ಕೂತಿತ್ತು.

ಅಮ್ಮನಿಗೆ ದಿಂಡಿನ ಮೇಲೆ ನಂಬಿಕೆ ಇರಲಿಲ್ಲ, ಆದರೆ ದಿನ ತಳ್ಳುವುದು ಬೇಕಿತ್ತು. ಕುಣಿಗಲ್ಲಿನಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬರುವವರಿದ್ದರು. "ಹೊಟ್ಟೆ ಕುಯ್ಸ್ಕೊಂಡ ಹುಡುಗಿ ಅಂತಾರೆ ಕಣೇ. ತಾಳಿ ಒಂದು ಬೀಳ್ಲಿ, ಆಮೇಲೆ ತೆಗ್ಸಿದ್ರಾಯ್ತು" ಎಂದಳು. ಮೈಯೆಲ್ಲ ಉರಿದುಹೋಯಿತು. ತಾಳಿ ಬೀಳುವ ತನಕ ಬಿದ್ದು ಒದ್ದಾಡಬೇಕಾದವಳು ನಾನು ತಾನೇ? ಮಾರನೆಯ ದಿನವೇ ಆಸ್ಪತ್ರೆಗೆ ಹೋಗಿ ಗುರುವಾರಕ್ಕೆ ಆಪರೇಷನ್ ಗೊತ್ತುಮಾಡಿ ಬಂದೆ.

ಅದಕ್ಕೂ ಮೊದಲೇ, ಭಾನುವಾರ, ಕುಣಿಗಲ್ಲಿನವರು ಬಂದರು. ಕೇಸರಿಬಾತು, ಬಾಳೆಕಾಯಿ ಬಜ್ಜಿ. ಹುಡುಗನ ತಾಯಿ ತಮ್ಮ ತಟ್ಟೆಯಿಂದ ಎರಡು ಬಜ್ಜಿ ನನ್ನ ಮುಂದಿಟ್ಟು, "ತಿನ್ನಮ್ಮ, ನಾಚ್ಕೋಬೇಡ" ಎಂದರು. ತಿನ್ನು ಎಂದು ಅಮ್ಮ ಕಣ್ಣಲ್ಲೇ ಗದರಿದಳು. ನಾನು, "ಬೇಡ ಆಂಟಿ. ಪಿತ್ತಕೋಶದಲ್ಲಿ ಕಲ್ಲಿದೆ, ಎಣ್ಣೇಲಿ ಕರಿದಿದ್ದು ಆಗಲ್ಲ. ಗುರುವಾರ ಆಪರೇಷನ್" ಎಂದೆ. ಹುಡುಗ ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದ, ಪಾಪ, ಮತ್ತೆ ಕೇಸರಿಬಾತು ನೋಡತೊಡಗಿದ. ಊರಿಗೆ ಹೋಗಿ ಫೋನ್ ಮಾಡುತ್ತೇವೆ ಎಂದು ಎದ್ದರು. ಆ ಫೋನ್ ಇನ್ನೂ ಬಂದಿಲ್ಲ. ಬರದಿದ್ದರೆ ಬೇಡ, ಹೊಟ್ಟೆ ನನ್ನದು. ಅಮ್ಮ ಮೂರು ದಿನ ಮಾತು ಬಿಟ್ಟಳು. ಆದರೂ ಬುಧವಾರ ಸಂಜೆ ಆಸ್ಪತ್ರೆಗೆ ಸೇರಲು ಹೊರಟಾಗ ನನಗಿಂತ ಮೊದಲೇ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಗುರುವಾರ ಬೆಳಿಗ್ಗೆ ಅರಿವಳಿಕೆ ಡಾಕ್ಟರು ಹಾಸಿಗೆಯ ಬಳಿ ಬಂದು, "ರಾತ್ರಿಯಿಂದ ಏನೂ ತಿಂದಿಲ್ಲ ತಾನೇ?" ಎಂದರು. ಏನೂ ಇಲ್ಲ ಸಾರ್ ಎಂದೆ.

"ಆರು ಗಂಟೆಗೆ ಕ್ಯಾಂಟೀನಲ್ಲಿ ತಟ್ಟೆ ಇಡ್ಲಿ ತಿಂದವ್ಳೆ ಸಾರ್" ಎಂದಳು ಅಮ್ಮ. ಕದ್ದು ಹೋದವಳ ಹಿಂದೆಯೇ ಬಂದಿದ್ದಳಂತೆ. "ಮೇಲೆ ಬೆಣ್ಣೆ ಬೇರೆ ಹಾಕ್ಸ್ಕೊಂಡ್ಲು."

ಹಬೆಯಲ್ಲಿ ಬೆಂದದ್ದು ಲೆಕ್ಕಕ್ಕಿಲ್ಲ ಎಂದುಕೊಂಡಿದ್ದೆ ಎಂದೆ. ಹೊಟ್ಟೆಯಲ್ಲಿ ಅನ್ನ ಇಟ್ಟುಕೊಂಡು ಅರಿವಳಿಕೆ ತೆಗೆದುಕೊಂಡರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಎಲ್ಲರೆದುರು ಬೈದು, ನನ್ನ ಫೈಲು ಮುಚ್ಚಿ ಹೊರಟುಹೋದರು. ಕಲ್ಲು ಹೊರಗೆ ಬಂದದ್ದು ಶುಕ್ರವಾರ. ದೊಡ್ಡಮ್ಮನಿಂದಾಗಲಿ ಅಮ್ಮನಿಂದಾಗಲಿ ಮುಂದೂಡಲು ಆಗದ ಆಪರೇಷನ್ನನ್ನು ಒಂದು ದಿನ ಮುಂದೂಡಿಸಿದವಳು ಕೊನೆಗೂ ನಾನೇ.