ಗಂಧ ಮೆತ್ತಿದ ಗರಗಸ

ಕೆಲವರಿಗೆ ದೇವರು ಒಳ್ಳೆಯ ಕೈಗುಣ ಕೊಟ್ಟಿರುತ್ತಾನೆ. ಅವರು ನೆಟ್ಟ ಗಿಡ ಚಿಗುರುತ್ತದೆ, ಮುಟ್ಟಿದ ಗಡಿಯಾರ ನಡೆಯುತ್ತದೆ. ನನ್ನ ಕೈಗೆ ಅವನು ಕೊಟ್ಟಿರುವುದು ಒಂದೇ ಗುಣ: ಹರಾಜು ಕಂಡರೆ ತಾನಾಗಿ ಮೇಲೇಳುವುದು. ಯುದ್ಧ ಮುಗಿದು ದಂಡು ಪ್ರದೇಶದಲ್ಲಿ ಮಿಲಿಟರಿಯವರ ಬೇಡದ ಸಾಮಾನೆಲ್ಲ ಹರಾಜಿಗೆ ಬಂದಾಗ ಈ ಕೈಗೆ ಹಬ್ಬವೋ ಹಬ್ಬ. ಹಲಸೂರಿನ ನಮ್ಮ ಮನೆಗೆ ಕಂಬವಿಲ್ಲದ ಡೇರೆ ಬಂತು, ಎರಡೂ ಎಡಗಾಲಿನವೇ ಆದ ಬೂಟುಗಳು ಬಂದವು. ಕೊನೆಗೆ, ದಸರೆಯ ಹೊತ್ತಿಗೆ, ದೊಡ್ಡ ಮರದ ಪೆಟ್ಟಿಗೆಯೊಳಗೆ ಮಹಾರಾಜನ ಹಾಗೆ ಮಲಗಿಕೊಂಡು ಪೆಟ್ರೋಲ್ ಗರಗಸ ಬಂತು. ಒಂದು ತುದಿಯಲ್ಲಿ ಎಂಜಿನ್ನು, ನಡುವೆ ಹಲ್ಲಿರುವ ಸರಪಳಿ, ಇನ್ನೊಂದು ತುದಿಯಲ್ಲಿ ಹಿಡಿ. ಇಬ್ಬರು ಹಿಡಿದರೆ ಎಂಥ ಮರವಾದರೂ ಬೆಣ್ಣೆ ಎಂದಿದ್ದ ಹರಾಜಿನವನು.

"ಇದ್ಯಾಕ್ರೀ ನಮ್ಗೆ?" ಎಂದಳು ನನ್ನಾಕೆ.

"ಹಿತ್ತಲಲ್ಲಿ ಬಿದ್ದಿರೋ ಹುಣಿಸೆ ಮರ ಕಾಣ್ಸಲ್ವಾ? ಅಳಿಯನ ಮೊದಲ್ನೇ ದೀಪಾವಳಿ. ಎಣ್ಣೆಸ್ನಾನದ ಹಂಡೆಗೆ ಸೌದೆ ಬೇಡ್ವೇನೆ?"

ಸೌದೆ ಡಿಪೋ ಮುಂದೆ ಆಗ ಹನುಮಂತನ ಬಾಲದಷ್ಟು ಉದ್ದದ ಸಾಲು. ಅಷ್ಟೇ ಸಾಲದೆಂದು, ಕೊಡಲಿ ಹೊತ್ತು ಬಂದ, ಸೌದೆ ಒಡೆಯುವ ಮುನಿಯಪ್ಪನನ್ನೂ ನಾನು "ಇನ್ನು ನೀನು ಬೇಡಪ್ಪ, ಯಂತ್ರ ಬಂದಿದೆ" ಎಂದು ಕಳಿಸಿಬಿಟ್ಟಿದ್ದೆ. ಹಬ್ಬದ ಬೆಳಗ್ಗೆ ನೀರು ಕಾಯದಿದ್ದರೆ ಕೃಷ್ಣರಾಜಪುರದ ಬೀಗರ ಮನೆಯಲ್ಲಿ ನನ್ನ ಮರ್ಯಾದೆ ಮೂರು ಕಾಸಿಗೂ ಉಳಿಯುವುದಿಲ್ಲ ಎಂಬುದು ಗೊತ್ತಿತ್ತು. ಆದರೆ ಹೊಸ ಯಂತ್ರವನ್ನು ಪೂಜೆಯಿಲ್ಲದೆ ಮುಟ್ಟುವುದುಂಟೆ? ಆಯುಧಪೂಜೆಯ ದಿನ ಉಜ್ಜಿ ತೊಳೆದು, ಹಾರ ಹಾಕಿ, ನಿಂಬೆಹಣ್ಣು ಕೊಯ್ದೆ. ಪೆಟ್ರೋಲ್ ಟ್ಯಾಂಕಿನ ಗುಂಡನೆಯ ಮುಚ್ಚಳ ಥೇಟ್ ಹಣೆಯ ಹಾಗೆ ಕಂಡಿತು. ಬೊಟ್ಟು ಎಲ್ಲಿಡಬೇಕೆಂದು ತೋರಿಸುವಂತೆ ನಡುವೆ ಒಂದು ಚುಕ್ಕೆ ಬೇರೆ. ಅಲ್ಲಿಗೇ ದಪ್ಪಗೆ ಗಂಧ ಮೆತ್ತಿ ಕುಂಕುಮ ಇಟ್ಟೆ.

ಮಾರನೆಯ ದಿನದಿಂದ ಅದರ ಮೊಂಡಾಟ ಶುರುವಾಯಿತು. ಎಂಜಿನ್ನು ಹೊರಡಿಸುವ ಹಗ್ಗ ಎಳೆದರೆ ಗರ್ಜಿಸುತ್ತದೆ, ನಾನು ಹೆಮ್ಮೆಯಿಂದ ಸುತ್ತ ನೋಡುವಷ್ಟರಲ್ಲಿ ಕೆಮ್ಮಿ ನಿಲ್ಲುತ್ತದೆ. ಪ್ಲಗ್ ಬಿಚ್ಚಿ ಮರಳು ಕಾಗದದಲ್ಲಿ ಉಜ್ಜಿದೆ. ಸರಪಳಿಯ ಒಂದೊಂದು ಹಲ್ಲಿಗೂ ಅರ ಹಾಕಿದೆ. ರೇಷನ್ ಕೂಪನ್ನಿನ ಪೆಟ್ರೋಲಿಗೆ ಎಣ್ಣೆ ಹೆಚ್ಚು ಬೆರೆಸಿದೆ, ಕಡಿಮೆ ಬೆರೆಸಿದೆ. ವಿಚಿತ್ರವೆಂದರೆ, ಪೆಟ್ರೋಲ್ ಇದೆಯೇ ಎಂದು ಮುಚ್ಚಳ ತೆಗೆದು ಇಣುಕಿ ಹಾಕಿದಾಗಲೆಲ್ಲ ಅದು ಮತ್ತೆ ಸ್ವಲ್ಪ ಹೊತ್ತು ಓಡುತ್ತಿತ್ತು. ಆಗಾಗ ಯಾರಾದರೂ ವಿಚಾರಿಸಿಕೊಳ್ಳಲಿ ಎಂದು ಬಯಸುವ ನಮ್ಮ ಅತ್ತೆಯವರ ಸ್ವಭಾವವೇ ಇದಕ್ಕೂ ಇದೆ ಎಂದುಕೊಂಡೆ. ಪಕ್ಕದ ಮನೆಯ ಮುದಲಿಯಾರರು ಗೋಡೆಯ ಮೇಲಿಂದ ಕತ್ತು ಚಾಚಿ, "ಏನ್ ಸಾರ್, ಏರೋಪ್ಲೇನು ಇವತ್ತೂ ಮೇಲೆ ಏರ್ಲಿಲ್ವಾ?" ಎಂದು ದಿನಾ ಕೇಳತೊಡಗಿದರು.

ಹಬ್ಬ ಬಂದೇಬಿಟ್ಟಿತು. ಅಳಿಯನನ್ನು ಮಣೆಯ ಮೇಲೆ ಕೂರಿಸಿ, ಆರತಿ ಎತ್ತಿ, ತಲೆಗೆ ಎಣ್ಣೆ ಒತ್ತಿದ್ದಾಯಿತು. ಹಂಡೆಯ ನೀರು ಮಾತ್ರ ತಣ್ಣಗೆ ಕೂತಿತ್ತು. ಬೇರೆ ದಾರಿ ಕಾಣದೆ, "ಅಳಿಯಂದ್ರೇ, ಒಂಚೂರು ಆ ತುದಿ ಹಿಡ್ಕೋತೀರಾ?" ಎಂದೆ. "ಪರ್ವಾಗಿಲ್ಲ ಮಾವ" ಎಂದು ಪಾಪದ ಹುಡುಗ ಬಂದ. ಚಳಿಗೆ ಹಲ್ಲು ಕಟಕಟ, ಹುಬ್ಬಿನಿಂದ ಎಣ್ಣೆ ತೊಟತೊಟ. ಅರ್ಧ ಗಂಟೆ ಹೆಣಗಿದರೂ ಯಂತ್ರ ಕೆಮ್ಮಿತು, ನಿಂತಿತು, ಅಷ್ಟೇ. ಬಾಗಿಲಲ್ಲಿ ನಿಂತ ಮಗಳು ನನ್ನನ್ನು ನೋಡಿದ ನೋಟಕ್ಕೆ ಹಸಿ ಸೌದೆಯೂ ಹೊತ್ತಿಕೊಳ್ಳಬೇಕು. ನನಗೆ ನಿಜಕ್ಕೂ ಅಳು ಬಂತು.

ಅಷ್ಟರಲ್ಲಿ ನನ್ನಾಕೆ ಹತ್ತಿರ ಬಂದು ಮುಚ್ಚಳವನ್ನು ದಿಟ್ಟಿಸಿದಳು. "ರೀ, ಸೀಮೆಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದ್ರೆ ಎಣ್ಣೆ ಸುರಿಯುತ್ತಾ? ಗಾಳಿಗೆ ಇನ್ನೊಂದು ಬೇಡ್ವಾ?"

"ಇದು ವಿಲಾಯಿತಿ ಯಂತ್ರ ಕಣೇ, ಸೀಮೆಎಣ್ಣೆ ಡಬ್ಬ ಅಲ್ಲ."

ಅವಳು ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು, ಕಲ್ಲಾಗಿದ್ದ ಗಂಧವನ್ನು ಚುಚ್ಚಿ ಕೆದಕಿದಳು. ನಾನು ಚುಕ್ಕೆ ಎಂದುಕೊಂಡದ್ದು ಟ್ಯಾಂಕು ಉಸಿರಾಡುವ ತೂತು! ಹಗ್ಗ ಎಳೆದೆ. ಇಡೀ ಹಲಸೂರು ಎದ್ದು ಕೂರುವಂತೆ ಗರ್ಜಿಸಿತು. ಹುಣಿಸೆ ದಿಮ್ಮಿಯಿಂದ ಒಂದು ತುಂಡು ದೊಪ್ಪೆಂದು ಬಿತ್ತು. "ತಗೊಂಡ್ಹೋಗಿ ಒಲೆಗೆ ಹಾಕೇ!" ಎಂದು ಕೂಗಿದೆ.

"ನೀರು ಆಗ್ಲೇ ಕುದೀತಿದೆ, ಅಳಿಯಂದ್ರನ್ನ ಕಳ್ಸಿ. ಯಂತ್ರದ ಪೆಟ್ಟಿಗೆ ಒಡೆದು ಹಾಕಿದೀನಿ. ಒಳ್ಳೇ ಒಣಗಿದ ಮರ!"

ಅಳಿಯ ಬದುಕಿದೆಯಾ ಬಡಜೀವವೇ ಎಂದು ಬಚ್ಚಲಿಗೆ ಓಡಿದ. ದಿಮ್ಮಿಯ ಮೇಲೆ ಒರಗಿ ಗರ್ಜಿಸುತ್ತಿದ್ದ ಯಂತ್ರದೊಡನೆ ನಾನೊಬ್ಬನೇ ಉಳಿದೆ. ಆಗ ಹೊಳೆಯಿತು ನೋಡಿ, ಇದನ್ನು ನಿಲ್ಲಿಸುವುದು ಹೇಗೆಂದು ನನಗೆ ಗೊತ್ತೇ ಇಲ್ಲ. ಇಷ್ಟು ದಿನ ಅದು ತಾನೇ ನಿಲ್ಲುತ್ತಿತ್ತು, ಕಲಿಯುವ ಸಂದರ್ಭವೇ ಬಂದಿರಲಿಲ್ಲ. ದೇವರ ಮನೆಗೆ ಓಡಿ ಗಂಧದ ಬಟ್ಟಲು ತಂದು, ಮುಚ್ಚಳಕ್ಕೆ ಗಟ್ಟಿಯಾಗಿ ಮೆತ್ತಿ, ಕೈಮುಗಿದು ಕೂತೆ. ಸ್ವಲ್ಪ ಹೊತ್ತಿಗೆ ಕೆಮ್ಮಿತು, ಬಿಕ್ಕಿತು, ನಿಂತಿತು.

"ಎಂಥಾ ಭಕ್ತಿ ಸಾರ್ ನಿಮ್ದು!" ಎಂದರು ಗೋಡೆಯ ಮೇಲಿನ ಮುದಲಿಯಾರರು. ಈಗಲೂ ಸೌದೆ ಕೊಯ್ದು ಮುಗಿಸುವಾಗ ಹೀಗೆಯೇ ಪೂಜೆ ಮಾಡುತ್ತೇನೆ. ನನ್ನಂಥ ದೈವಭಕ್ತ ಇನ್ನೊಬ್ಬನಿಲ್ಲ ಎಂದು ಬೀದಿಯಲ್ಲಿ ಹೆಸರಾಗಿದೆ. ನಿಜ ಗೊತ್ತಿರುವವಳು ನನ್ನಾಕೆ ಒಬ್ಬಳೇ. ನಾನು ಹರಾಜಿನ ಕಡೆ ಹೊರಟಾಗಲೆಲ್ಲ ಅವಳು ಬಟ್ಟಲು ಹಿಡಿದು ಬಾಗಿಲಿಗೆ ಬರುತ್ತಾಳೆ: "ನಿಲ್ರೀ, ನಿಮ್ಮ ಬಲಗೈಗೂ ಒಂಚೂರು ಗಂಧ ಮೆತ್ತಿ ಕಳಿಸ್ತೀನಿ."