ಟೆರೇಸಿನ ಮೇಲಿನ ನೀಲಿ ಗೆರೆ

ಕಾಗದ ಸಾಲದೇ ಹೋದದ್ದೇ ಈ ಎಲ್ಲ ರಾದ್ಧಾಂತಕ್ಕೆ ಮೂಲ.

ಹದಿಮೂರನೇ ನಂಬರ್ ಮನೆಯ ಗುಮಾಸ್ತ ಮೂರು ವಾರದಿಂದ ಒಂದೇ ಲೆಕ್ಕದ ಜೊತೆ ಗುದ್ದಾಡುತ್ತಿದ್ದ. ತಿಂಗಳಿಗೊಮ್ಮೆ ಅಂಚೆಯಲ್ಲಿ ಬರುವ ಗಣಿತದ ಪತ್ರಿಕೆಯ ಕೊನೆಯ ಪುಟದಲ್ಲಿ ಸ್ಪರ್ಧೆಗೆಂದು ನಾಲ್ಕು ಲೆಕ್ಕ ಇರುತ್ತವೆ. ಒಂದು ಬೀಜಗಣಿತ, ಒಂದು ರೇಖಾಗಣಿತ, ಒಂದು ಸಂಖ್ಯೆಗಳದ್ದು, ಇನ್ನೊಂದು ‘ಎಷ್ಟು ರೀತಿಯಲ್ಲಿ’ ಅಂತ ಕೇಳುವಂಥದ್ದು. ಬಿಡಿಸಿ ಕಳಿಸಿದವರ ಹೆಸರು ಮುಂದಿನ ಸಂಚಿಕೆಯಲ್ಲಿ ಅಚ್ಚಾಗುತ್ತದೆ. ಹನ್ನೊಂದು ವರ್ಷದಲ್ಲಿ ಗುಮಾಸ್ತನ ಹೆಸರು ಹತ್ತೊಂಬತ್ತು ಸಲ ಬಂದಿತ್ತು, ಅದರಲ್ಲಿ ನಾಲ್ಕು ಸಲ ಅಕ್ಷರ ತಪ್ಪಾಗಿ. ಅಂಕಿಗಳು ಅವನ ಮಾತು ಕೇಳುತ್ತಿದ್ದವು. ಗೆರೆಗಳು ಮಾತ್ರ ಮಲತಾಯಿ ಮಕ್ಕಳ ಹಾಗೆ ಮುಖ ತಿರುಗಿಸುತ್ತಿದ್ದವು.

ಅವನಿಗೆ ಕೆಲಸ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಹಳೇ ದಾಖಲೆಗಳ ಕೋಣೆಯಲ್ಲಿ. ಅಲ್ಲಿಗೆ ವಾರಕ್ಕೊಬ್ಬರು ಬಂದರೆ ಹೆಚ್ಚು, ಬಂದವರೂ ಸೀನಿ ಹೊರಡುತ್ತಿದ್ದರು. ಮನೆಯಲ್ಲಿ ಸೀನುವವರೂ ಇಲ್ಲ. ಲೆಕ್ಕವೊಂದನ್ನು ಬಿಡಿಸಿದ ಕ್ಷಣ ಖುಷಿಯಿಂದ ತಲೆಯೆತ್ತಿ “ನೋಡಿದ್ರಾ!” ಅನ್ನುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು. ಎದುರಿಗಿದ್ದ ಗೋಡೆ ಇದುವರೆಗೆ ನೋಡಿದ ಲಕ್ಷಣ ಕಾಣಿಸಿರಲಿಲ್ಲ.

ಈ ಸಲದ ಲೆಕ್ಕ ಹೀಗಿತ್ತು. ಒಂದು ವೃತ್ತ. ಅದರ ಅಂಚಿನಲ್ಲಿ ಸಮ ದೂರದಲ್ಲಿ ಮೂರು ಮೂಲೆ: ಅ, ಬ, ಕ. ಬ ಮತ್ತು ಕ ನಡುವೆ ಅಂಚಿನ ಮೇಲೆ ಎಲ್ಲಾದರೂ ಒಂದು ಬಿಂದು, ಪ. ಪ-ದಿಂದ ಮೂರು ಮೂಲೆಗೂ ಗೆರೆ ಎಳೆದರೆ, ದೂರದ ಅ-ಗೆ ಹೋಗುವ ಗೆರೆ ಉಳಿದೆರಡು ಗೆರೆ ಸೇರಿದಷ್ಟೇ ಉದ್ದ ಇರುತ್ತದೆ. ಯಾಕೆ? ಸಾಧಿಸಿ.

ಐವತ್ತಾರು ಹಾಳೆ ಮುಗಿದವು. ಭಾನುವಾರ ಬೆಳಗ್ಗೆ ಆರಕ್ಕೆ, ಚಿತ್ರ ದೊಡ್ಡದಾದರೆ ಬುದ್ಧಿಯೂ ದೊಡ್ಡದಾದೀತು ಅನ್ನೋ ಆಸೆಯಿಂದ ಅವನು ಟೆರೇಸ್ ಹತ್ತಿದ. ನೀರಿನ ಟ್ಯಾಂಕ್ ಮುಂದೆ ಹಗ್ಗದ ತುದಿಗೆ ಸೀಮೆಸುಣ್ಣ ಕಟ್ಟಿ, ಹತ್ತು ಹೆಜ್ಜೆ ಅಗಲದ ವೃತ್ತ ಎಳೆದ. ಮೂಲೆ ಗುರುತಿಸಿದ, ತ್ರಿಕೋನ ಎಳೆದ, ಪ-ದಿಂದ ಮೂರು ಗೆರೆ ಎಳೆದ, ಅಕ್ಷರ ಬರೆದ. ಒಂದು ಗಂಟೆ ನೋಡಿದರೂ ಬುದ್ಧಿ ಇದ್ದಷ್ಟೇ ಇತ್ತು. ಟೀ ಕುಡಿದು ಬರೋಣ ಅಂತ ಕೆಳಗಿಳಿದ.

ಎಂಟಕ್ಕೆ ವಾಪಸ್ ಬಂದರೆ, ಅವನ ಬಿಳಿ ಗೆರೆಗಳ ನಡುವೆ ಒಂದು ನೀಲಿ ಗೆರೆ.

ಬ ಮೂಲೆಯಿಂದ ಹೊರಟು ಉದ್ದನೆಯ ಗೆರೆಯ ನಡುವೆ ಒಂದು ಕಡೆ ಬಂದು ನಿಂತಿತ್ತು. ನೇರ, ಶಾಂತ, ಒಂದಿಷ್ಟೂ ಅಳುಕಿಲ್ಲದ ಗೆರೆ. ಗುಮಾಸ್ತ ಅದನ್ನು ನೋಡಿದ. ಕುಕ್ಕರುಗಾಲಲ್ಲಿ ಕೂತು ಇನ್ನೊಮ್ಮೆ ನೋಡಿದ. ಗೆರೆ ಅಲ್ಲಿ ಬಿದ್ದ ಮೇಲೆ ಲೆಕ್ಕದಲ್ಲಿ ಏನೂ ಉಳಿದಿರಲಿಲ್ಲ. ಮೂರು ವಾರದ ಬೀಗ ಒಂದೇ ತಿರುವಿಗೆ ತೆರೆದುಕೊಂಡಿತ್ತು.

“ನೋಡಿದ್ರಾ!” ಅಂದ. ಅಂದವನೇ ಮೈ ಜುಮ್ಮೆಂದು ಎದ್ದು ನಿಂತ. ನೋಡಿದವರು ಇದ್ದರು! ಇದೇ ಕಟ್ಟಡದಲ್ಲಿ, ಇದೇ ಮೆಟ್ಟಿಲು ಹತ್ತಿ ಇಳಿಯುವ ಯಾರೋ ಒಬ್ಬರು ಅವನ ಲೆಕ್ಕ ನೋಡಿ, ಅರ್ಥ ಮಾಡಿಕೊಂಡು, ಉತ್ತರ ಕೊಟ್ಟು ಹೋಗಿದ್ದರು.

ನೀಲಿ ಬಣ್ಣದ್ದು ಬಟ್ಟೆಗೆ ಗುರುತು ಹಾಕುವ ಸುಣ್ಣ. ಗುಮಾಸ್ತ ಎರಡೆರಡು ಮೆಟ್ಟಿಲು ಹಾರಿ ಕೆಳಗಿನ ದರ್ಜಿಯ ಅಂಗಡಿಗೆ ಓಡಿದ.

“ನಿಮ್ಮದಾ ಆ ಗೆರೆ?”

ದರ್ಜಿ ಬಾಯಲ್ಲಿದ್ದ ಪಿನ್ನು ತೆಗೆದ. ಹನ್ನೊಂದು ವರ್ಷದಲ್ಲಿ ಗುಮಾಸ್ತ ಅವನ ಜೊತೆ ಆಡಿದ ಮೊದಲ ಮಾತು ಇದು. “ಯಾವ ಗೆರೆ ಸಾರ್? ಪ್ಯಾಂಟಿಂದಾ?”

“ಟೆರೇಸಿಂದು. ನೀಲಿ.”

“ನನ್ನ ಸುಣ್ಣ ಇಡೀ ಬಿಲ್ಡಿಂಗಲ್ಲಿ ಓಡಾಡತ್ತೆ ಸಾರ್. ಕೇಳಿ ತಗೊಂಡು ಹೋಗ್ತಾರೆ, ಕೇಳದೇನೂ ತಗೊಂಡು ಹೋಗ್ತಾರೆ. ನಡೀರಿ, ನೋಡೋಣ.”

ದರ್ಜಿ ಮೇಲೆ ಬಂದು ಚಿತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಲೆಕ್ಕ ಏನು ಅಂತ ಕೇಳಿದ. ಕೊರಳಲ್ಲಿದ್ದ ಟೇಪು ಇಳಿಸಿ ಮೂರೂ ಗೆರೆ ಅಳೆದ.

“ನೂರಾ ಎಂಬತ್ತೆಂಟು ಇಂಚು. ಚಿಕ್ಕವು ಎಪ್ಪತ್ತೊಂದು, ನೂರಾ ಹದಿನೇಳು. ಕೂಡಿದ್ರೆ ಸರಿ ಇದೆಯಲ್ಲ! ಇನ್ನೇನು ಕಷ್ಟ?”

“ಸರಿ ಅಂತ ಸಾಧಿಸಬೇಕು.”

“ಟೇಪೇ ಹೇಳ್ತಿದೆಯಲ್ಲ ಸಾರ್!”

“ಟೇಪು ಹೇಳಿದ್ರೆ ಸಾಲದು ರೀ.”

“ಮೂವತ್ತು ವರ್ಷದಿಂದ ನನಗೆ ಸಾಲ್ತಾ ಇದೆ,” ಅಂದ ದರ್ಜಿ, ಸ್ವಲ್ಪ ನೊಂದುಕೊಂಡು.

ಈ ಹೊತ್ತಿಗೆ ಎರಡನೇ ಮಹಡಿಯ ಅಜ್ಜಿ ದಿಂಬು ಬಿಸಿಲಿಗೆ ಹಾಕಲು ಮೇಲೆ ಬಂದರು. ವೃತ್ತ, ತ್ರಿಕೋನ, ಅಕ್ಷರ, ನಡುವೆ ಬಗ್ಗಿ ನಿಂತ ಇಬ್ಬರು ಗಂಡಸರು. ದಿಂಬು ಅಲ್ಲೇ ಬಿತ್ತು.

“ಅಯ್ಯಯ್ಯೋ, ಮಾಟ! ಟೆರೇಸಲ್ಲಿ ಮಾಟ ಮಾಡಿದಾರೆ! ಅದಕ್ಕೇ ನನಗೆ ಬುಧವಾರದಿಂದ ಮಂಡಿನೋವು!”

“ಇವತ್ತು ಬೆಳಗ್ಗೆ ಬರೆದಿದ್ದು ಅಜ್ಜಿ,” ಅಂದ ಗುಮಾಸ್ತ.

“ಮುಂಚಿತವಾಗೇ ಹಿಡೀತು ನೋಡು, ಎಷ್ಟು ಜೋರಿರಬೇಕು!”

ಅಜ್ಜಿಯ ಕೂಗಿಗೆ ಬಾಗಿಲುಗಳು ಪಟಪಟ ತೆರೆದವು. ಹತ್ತು ನಿಮಿಷದಲ್ಲಿ ಟೆರೇಸ್ ತುಂಬ ಜನ. ಎಲ್ಲರಿಗಿಂತ ಹಿಂದೆ ಹೊರಟು ಎಲ್ಲರಿಗಿಂತ ಮುಂದೆ ಬಂದು ನಿಂತವರು ಕಟ್ಟಡದ ಸಂಘದ ಕಾರ್ಯದರ್ಶಿ. ಹತ್ತನೇ ನಂಬರಿನವರು. ನಲ್ಲಿ ತೊಟ್ಟಿಕ್ಕಿದರೂ ಸಭೆ ಕರೆಯುವ ಆಸಾಮಿ. ಅವರ ಹಿಂದೆ ಅವರ ಹೆಂಡತಿ, ಒದ್ದೆ ಬಟ್ಟೆಯ ಬಕೆಟ್ಟು ಹಿಡಿದುಕೊಂಡು.

ಕಾರ್ಯದರ್ಶಿ ಕನ್ನಡಕ ಏರಿಸಿ ಚಿತ್ರ ಓದಿದರು. “ಮಾಟ ಅಲ್ಲ, ಮಣ್ಣೂ ಅಲ್ಲ. ಇದು ಪಾಲು! ಯಾರೋ ಟೆರೇಸ್ ಹಂಚಿಕೊಳ್ಳೋಕೆ ಹೊರಟಿದಾರೆ. ‘ಅ’ ಅಂದ್ರೆ ಅಜ್ಜಿ. ‘ಕ’ ಅಂದ್ರೆ ಕಾರ್ಯದರ್ಶಿ. ನನಗೆ ಕೊಟ್ಟಿರೋ ಮೂಲೆ ನೋಡಿ, ಮೋರಿ ಪಕ್ಕ!”

“‘ಪ’ ಅಂದ್ರೆ?” ಯಾರೋ ಕೇಳಿದರು.

“ಪಿತೂರಿ!” ಅಂದರು ಕಾರ್ಯದರ್ಶಿ.

ಗುಮಾಸ್ತ ಕೈಯೆತ್ತಿದ. ಇಷ್ಟು ಜನರ ಮುಂದೆ ಮಾತಾಡಿ ಅವನಿಗೆ ಅಭ್ಯಾಸವಿಲ್ಲ. “ಇದು ಲೆಕ್ಕ ಸಾರ್. ಸ್ಪರ್ಧೆಯ ಲೆಕ್ಕ. ಬಿಳಿ ಗೆರೆ ನಂದು. ನೀಲಿ ಗೆರೆ ಯಾರದು ಅಂತ ನಾನೂ ಹುಡುಕ್ತಾ ಇದೀನಿ.”

“ಅಂದ್ರೆ ಇಬ್ಬರು!” ಕಾರ್ಯದರ್ಶಿಗೆ ಹುರುಪು ಬಂತು. “ಎಲ್ಲರೂ ಕೇಳಿಸಿಕೊಳ್ಳಿ. ಟೆರೇಸ್ ಎಲ್ಲರ ಸೊತ್ತು. ಗೆರೆ ಎಳೆದವರು ಇಡೀ ಟೆರೇಸ್ ತೊಳೀಬೇಕು. ಒಂದು ತಿಂಗಳು ಇಲ್ಲಿ ಬಟ್ಟೆ ಒಣಹಾಕೋ ಹಾಗಿಲ್ಲ. ಕ್ಷಮಾಪಣೆ ಪತ್ರ ಬರೆದು ಕೆಳಗಡೆ ಬೋರ್ಡಿಗೆ ಅಂಟಿಸಬೇಕು. ಈಗ ಹೇಳಿ, ನೀಲಿ ಗೆರೆ ಯಾರದು?”

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಕಾರ್ಯದರ್ಶಿಯ ಹೆಂಡತಿ ಬಕೆಟ್ಟು ಕೆಳಗಿಟ್ಟು “ರೀ...” ಅಂದರು. “ಬಟ್ಟೆ ಆಮೇಲೆ ಒಣಹಾಕೇ, ಕಾಣಲ್ವಾ ಸಭೆ ನಡೀತಿರೋದು?” ಅಂದರು ಕಾರ್ಯದರ್ಶಿ, ತಿರುಗಿಯೂ ನೋಡದೆ.

ಗುಮಾಸ್ತ ಒಂದೊಂದೇ ಮುಖ ಹುಡುಕಿದ. ಈ ಗುಂಪಿನಲ್ಲೇ ಎಲ್ಲೋ ಆ ಗೆರೆ ಎಳೆದವರು ನಿಂತಿದ್ದಾರೆ, ಹೆದರಿ ನಡುಗುತ್ತಿದ್ದಾರೆ. ಒಂದು ಉಪಕಾರಕ್ಕೆ ಇಷ್ಟು ದೊಡ್ಡ ಅವಮಾನವೇ? ಜೀವಮಾನದಲ್ಲಿ ಸಿಕ್ಕ ಒಬ್ಬ ಗೆಳೆಯನನ್ನು ಹೀಗೆ ಬೋರ್ಡಿಗೆ ಅಂಟಿಸಿಬಿಡುವುದೇ?

“ನಂದೇ ಸಾರ್!” ಅಂತ ಕೂಗಿಬಿಟ್ಟ. “ನೀಲೀನೂ ನಂದೇ. ಮರೆತುಹೋಗಿತ್ತು.”

“ಮರೆತುಹೋಗಿತ್ತಾ?” ಕಾರ್ಯದರ್ಶಿ ಹತ್ತಿರ ಬಂದರು. “ಹಾಗಾದ್ರೆ ಹೇಳಿ, ಆ ಗೆರೆ ಯಾಕೆ?”

ಬೇರೆ ದಾರಿಯಿರಲಿಲ್ಲ. ಗುಮಾಸ್ತ ವೃತ್ತದೊಳಗೆ ಕಾಲಿಟ್ಟ. “ಈ ನೀಲಿ ಗೆರೆ ಉದ್ದ ಗೆರೇನ ಎರಡು ತುಂಡು ಮಾಡತ್ತೆ. ಕೆಳಗಿನ ತುಂಡು, ಈ ಚಿಕ್ಕ ಗೆರೆ, ನೀಲಿ ಗೆರೆ, ಮೂರೂ ಸಮ. ಸರಿ ತಾನೇ? ಇನ್ನು ನೀಲಿ ಗೆರೆಯ ಮೇಲಿರೋ ಈ ತ್ರಿಕೋನ ನೋಡಿ. ಇದನ್ನ ಬ ಮೂಲೆಗೆ ಮೊಳೆ ಹೊಡೆದು ತಿರುಗಿಸಿದ್ರೆ...”

“ತಡೀರಿ!” ದರ್ಜಿ ಹಾರಿ ಮುಂದೆ ಬಂದ. “ತಿರುಗಿಸಿ ಆ ಕಡೆ ತುಂಡಿನ ಮೇಲಿಟ್ರೆ ಸರಿಯಾಗಿ ಕೂರತ್ತೆ! ಬಲತೋಳಿನ ಬಟ್ಟೆ, ಎಡತೋಳಿನ ಬಟ್ಟೆ! ಅಂದ್ರೆ ಮೇಲಿನ ತುಂಡು ಆ ಗೆರೆಯಷ್ಟೇ. ಅಂದ್ರೆ ಎರಡೂ ಕೂಡಿ... ಅಯ್ಯೋ ಸಾರ್! ಟೇಪೇ ಬೇಡ!”

ದರ್ಜಿಗೆ ಹೊಳೆದದ್ದು ಒಬ್ಬರಿಂದ ಒಬ್ಬರಿಗೆ ದಾಟಿತು. ಮಕ್ಕಳು ಚಪ್ಪಾಳೆ ತಟ್ಟಿದರು, ದೊಡ್ಡವರು ಸೇರಿಕೊಂಡರು. ಅಜ್ಜಿ ಮಂಡಿ ಒತ್ತಿ ನೋಡಿಕೊಂಡು “ಸ್ವಲ್ಪ ಕಮ್ಮಿ ಅನ್ನಿಸ್ತಿದೆ” ಅಂದರು. ಕಾರ್ಯದರ್ಶಿ ಗುಮಾಸ್ತನ ಬೆನ್ನು ತಟ್ಟಿದರು. “ಏನ್ ಸಾರ್, ಇಂಥ ತಲೆ ಇಟ್ಕೊಂಡು ನಮ್ಮ ನಡುವೆ ಇಷ್ಟು ದಿನ ಬಾಯಿ ಹೊಲಿದುಕೊಂಡಿದ್ರಾ? ಪತ್ರ ಗಿತ್ರ ಏನೂ ಬೇಡ. ತೊಳೆದುಬಿಡಿ ಸಾಕು. ಆಮೇಲೆ ನಮ್ಮನೆಗೆ ಟೀಗೆ ಬನ್ನಿ.”

ಬೆನ್ನ ಮೇಲೆ ಒಂದು ಕೈ ಬಿದ್ದು ಅವನಿಗೆ ಎಷ್ಟು ಕಾಲವಾಗಿತ್ತೋ. ಅದು ತನಗೆ ಸಲ್ಲಬೇಕಾದದ್ದಲ್ಲ ಅಂತ ಗೊತ್ತಿದ್ದೂ ಬೆನ್ನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿತು.

ಜನ ಕರಗಿದರು. ಗುಮಾಸ್ತ ಪೊರಕೆ, ನೀರು ತಂದು ಒಂದು ತುದಿಯಿಂದ ಉಜ್ಜತೊಡಗಿದ. ತಲೆಯೆತ್ತಿದರೆ ತಂತಿಯ ಆಚೆ ಕಾರ್ಯದರ್ಶಿಯ ಹೆಂಡತಿ ಹಾಸಿಗೆ ಬಟ್ಟೆ ಹರವುತ್ತಿದ್ದರು.

“ಪ ಬಿಂದು ಸರಿಯಾಗಿ ಬ ಮೇಲೇ ಬಂದು ಕೂತರೆ?” ಅಂದರು ಅವರು, ಬಟ್ಟೆಯ ಸುಕ್ಕು ಬಿಡಿಸುತ್ತ. “ಆಗ ನೀಲಿ ಗೆರೆಯೇ ಇರೋದಿಲ್ಲ. ಅದನ್ನ ಬೇರೆ ಹೇಳಬೇಕಿತ್ತು. ನೀವು ಹೇಳಲಿಲ್ಲ.”

ಪೊರಕೆ ಗುಮಾಸ್ತನ ಕೈಯಿಂದ ಜಾರಿತು. “ನೀವಾ?”

“ಬೆಳಗ್ಗೆ ಮೊದಲ ಬಕೆಟ್ಟು ಒಣಹಾಕೋಕೆ ಬಂದೆ. ಕಾಲಡಿ ಲೆಕ್ಕ ಇತ್ತು, ಕ್ಲಿಪ್ಪಿನ ಡಬ್ಬೀಲಿ ದರ್ಜಿ ಸುಣ್ಣ ಇತ್ತು. ಕೈ ಸುಮ್ಮನಿರಲಿಲ್ಲ. ಓದೋ ಕಾಲದಲ್ಲಿ ನಾನೂ ಸ್ಪರ್ಧೆಗೆ ಹೋಗ್ತಿದ್ದೆ. ಇಪ್ಪತ್ತೆಂಟು ವರ್ಷ ಆಯ್ತು.”

ಗುಮಾಸ್ತನಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. “ಅಮ್ಮಾ, ನಿಮ್ಮನ್ನೇ ಹುಡುಕ್ತಾ ಇದ್ದೆ! ಎಂಥ ಗೆರೆ ಅದು! ಎಲ್ಲಿ ನಿಮಗೆ ಅವಮಾನ ಆಗತ್ತೋ ಅಂತ ನಂದು ಅಂದುಬಿಟ್ಟೆ.”

“ನಾನು ಬಕೆಟ್ಟು ಕೆಳಗಿಟ್ಟಿದ್ದು ಯಾಕೆ ಅಂದ್ಕೊಂಡ್ರಿ?”

ಅವನು ಬಗ್ಗಿ ಪೊರಕೆ ಎತ್ತಿಕೊಂಡ.

“ಬೈತಿದ್ರು. ಬೈಸ್ಕೊಳ್ತಿದ್ದೆ. ಟೆರೇಸೂ ತೊಳೀತಿದ್ದೆ, ಅದೇನು ನನಗೆ ಹೊಸದಾ? ಆದ್ರೆ ಯಾಕೆ ಎಳೆದೆ ಅಂತ ಅವರು ನನ್ನ ಕೇಳ್ತಿದ್ರು. ನಾನು ವೃತ್ತದೊಳಗೆ ನಿಂತು ಹೇಳ್ತಿದ್ದೆ.” ಕೊನೆಯ ಕ್ಲಿಪ್ಪು ಸಿಕ್ಕಿಸಿದರು. “ಚಪ್ಪಾಳೆ ಜೋರಾಗೇ ಬಿತ್ತು, ಅಲ್ವಾ?”

ಖಾಲಿ ಬಕೆಟ್ಟು ಎತ್ತಿಕೊಂಡು ಇಳಿದುಹೋದರು.

ಗುಮಾಸ್ತ ಅರ್ಧ ತೊಳೆದ ಟೆರೇಸಿನಲ್ಲೇ ಪೊರಕೆಯನ್ನು ಗೋಡೆಗೆ ಒರಗಿಸಿದ. ಆಮೇಲೆ, ಜೀವನದಲ್ಲಿ ಮೊದಲ ಸಲ ಒಂದು ಧೈರ್ಯದ ನಿರ್ಧಾರ ಮಾಡಿದ. ಪ್ಯಾಂಟಿನ ಮಡಿಕೆಯಿಂದ ನೀರು ಸುರಿಯುತ್ತಿದ್ದ ಹಾಗೇ ಹತ್ತನೇ ನಂಬರಿನ ಬಾಗಿಲಿಗೆ ಹೋಗಿ ನಿಂತ. ಒಳಗೆ ಕಾರ್ಯದರ್ಶಿ, ದರ್ಜಿ, ಅಜ್ಜಿ, ನಾಲ್ಕಾರು ಮಕ್ಕಳು.

“ಬನ್ನಿ ಬನ್ನಿ, ನಿಮ್ಮದೇ ಮಾತು!”

“ಸಾರ್, ನಾನು ಸುಳ್ಳು ಹೇಳಿದೆ,” ಅಂದ ಗುಮಾಸ್ತ, ನಿಂತ ನಿಲುವಿನಲ್ಲೇ. “ನೀಲಿ ಗೆರೆ ನಂದಲ್ಲ. ನಿಮ್ಮ ಮನೆಯವರದು. ಮೂರು ವಾರದಿಂದ ನನಗೆ ಹೊಳೀಲಿಲ್ಲ, ಅವರು ಬಟ್ಟೆ ಒಣಹಾಕ್ತಾ ಬಿಡಿಸಿದಾರೆ.”

ಕಾರ್ಯದರ್ಶಿ ತೊಡೆ ತಟ್ಟಿಕೊಂಡು ನಕ್ಕರು. “ನೋಡಿದ್ರಾ ದೊಡ್ಡತನ! ತುಂಬಿದ ಕೊಡ ತುಳುಕೋದಿಲ್ಲ ಅನ್ನೋದು ಇದಕ್ಕೇ!”

“ನಿಜ ಸಾರ್! ಆಣೆ ಮಾಡಿ ಹೇಳ್ತೀನಿ!”

“ಚಪ್ಪಾಳೆ ಬಿದ್ದಿದ್ದಕ್ಕೆ ನಾಚಿಕೆ ಅವರಿಗೆ,” ಅಂದ ದರ್ಜಿ, ಪ್ರೀತಿಯಿಂದ.

“ಅದಕ್ಕೆ ನನ್ನ ಹೆಂಡ್ತೀನೇ ಸಿಕ್ಕಿದ್ಲಾ ಸಾರ್ ನಿಮಗೆ?” ಕಾರ್ಯದರ್ಶಿ ಕಣ್ಣೊರೆಸಿಕೊಂಡರು. “ಅವಳು ಗಡಿಯಾರ ನೋಡಿ ಟೈಮು ಹೇಳಿದ್ರೆ ನಾನು ಇನ್ನೊಂದು ಸಲ ನೋಡ್ತೀನಿ. ಏ, ಬಾ ಇಲ್ಲಿ! ಸಾರ್ ಹೇಳ್ತಿದಾರೆ, ಆ ಗೆರೆ ನೀನು ಎಳೆದಿದ್ದಂತೆ. ಹೌದೇನೇ?”

ಅವರು ಟೀ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಮಕ್ಕಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದವು. ಅಜ್ಜಿ ನಗುತ್ತಿದ್ದರು. ಅವರು ಗಂಡನನ್ನು ನೋಡಲಿಲ್ಲ, ಮಕ್ಕಳನ್ನೂ ನೋಡಲಿಲ್ಲ. ಗುಮಾಸ್ತನನ್ನೇ ನೋಡಿದರು.

“ಹೌದು ಅನ್ನಿ ಅಮ್ಮಾ,” ಅಂದ ಅವನು ಮೆಲ್ಲಗೆ.

“ಇಲ್ಲ,” ಅಂದರು ಅವರು. “ನನಗೆ ಅದೆಲ್ಲ ಎಲ್ಲಿ ಗೊತ್ತಾಗತ್ತೆ.”

ಎಲ್ಲರಿಗೂ ಟೀ ಕೊಟ್ಟರು. ಗುಮಾಸ್ತನಿಗೆ ಕೊನೆಯಲ್ಲಿ ಕೊಟ್ಟರು. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

“ಹೇಳಿದ್ನಲ್ಲ!” ಅಂದರು ಕಾರ್ಯದರ್ಶಿ. “ಈಗ ಕೇಳಿ ಸಾರ್, ನಾವೆಲ್ಲ ಸೇರಿ ತೀರ್ಮಾನ ಮಾಡಿಬಿಟ್ಟಿದೀವಿ. ಇನ್ಮೇಲೆ ಪ್ರತಿ ಭಾನುವಾರ ಹತ್ತು ಗಂಟೆಗೆ ನೀವು ಮಕ್ಕಳಿಗೆ ಲೆಕ್ಕ ಹೇಳಿಕೊಡಬೇಕು. ಇಲ್ಲೇ, ನಮ್ಮನೇಲೇ. ಇಲ್ಲ ಅನ್ನೋ ಹಾಗಿಲ್ಲ. ಟೀ ಗೀ ಎಲ್ಲ ಅವಳು ನೋಡ್ಕೊಳ್ತಾಳೆ.”